ಬ್ಲಾಕ್ ಬೋರ್ಡ್ ಕಾರು ಇಡುವವರಿಗೆ: ಮೊದಲು ಜಾಗ ನೋಡಿ, ಆಮೇಲೆ ಕಾರು

ಅಕ್ಕನ ಮಗ ತುಮಕೂರಿನಿಂದ ಫೋನ್ ಮಾಡಿದ್ದ. "ಮಾವ, ನನ್ನ ಕಾರು ವಾರದಲ್ಲಿ ಐದು ದಿನ ಸುಮ್ನೆ ನಿಂತಿರತ್ತೆ. ಬೆಂಗಳೂರಲ್ಲಿ ಸೆಲ್ಫ್ ಡ್ರೈವ್‌ಗೆ ಬಿಟ್ರೆ ಇಎಂಐ ಆದ್ರೂ ಹುಟ್ಟತ್ತಲ್ವಾ?"

"ಯಾವ ಬೋರ್ಡು?"

"ವೈಟ್ ಬೋರ್ಡು."

"ಹಂಗಾದ್ರೆ ನಿಂತಲ್ಲೇ ನಿಂತಿರ್ಲಿ ಬಿಡೋ."

ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಬಾಡಿಗೆ ಕಾರುಗಳ ಯಾರ್ಡ್ ನೋಡಿಕೊಳ್ಳುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ಬರುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಬಿಳಿ ಫಲಕದ ಕಾರು ಸ್ವಂತ ಬಳಕೆಗೆ. ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇದ್ದರೆ ಡ್ರೈವರ್ ಸಮೇತ ಹೋಗುವ ಟ್ಯಾಕ್ಸಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ, ಅಂದರೆ ಬ್ಲಾಕ್ ಬೋರ್ಡ್, ಇದ್ದರೆ ಮಾತ್ರ ಗಿರಾಕಿ ತಾನೇ ಓಡಿಸುವ ಬಾಡಿಗೆ ಕಾರು. ವೈಟ್ ಬೋರ್ಡನ್ನು ಬಾಡಿಗೆಗೆ ಕೊಟ್ಟು ಸಿಕ್ಕಿಬಿದ್ದರೆ ಪರ್ಮಿಟ್ ಇಲ್ಲದೆ ಓಡಿಸಿದ ಲೆಕ್ಕ. ಮೋಟಾರು ವಾಹನ ಕಾಯ್ದೆಯ 192ಎ ಕಲಂ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಗೂ ಅವಕಾಶ ಇದೆ. ದಂಡ ಹೋಗಲಿ, ಕಟ್ಟಿಬಿಡಬಹುದು. ಖಾಸಗಿ ಕಾರಿನ ಇನ್ಶೂರೆನ್ಸ್ ಬಾಡಿಗೆ ಬಳಕೆಯನ್ನು ಒಪ್ಪುವುದಿಲ್ಲ. ನೈಸ್ ರೋಡಲ್ಲಿ ಯಾರೋ ಗಿರಾಕಿ ಕಾರು ಮಗುಚಿದ ದಿನ ಕ್ಲೇಮು ಬರದಿದ್ದರೆ, ಇಎಂಐ ಕಟ್ಟುತ್ತಾ ಕೂರುವವನು ನೀನೇ.

ಸರಿಯಾದ ದಾರಿ ಅಂದರೆ 1989ರ ರೆಂಟ್ ಎ ಕ್ಯಾಬ್ ಸ್ಕೀಮಿನ ಲೈಸೆನ್ಸು. ಕಾಯ್ದೆಯ 75ನೇ ಕಲಂ ಅಡಿ ಕೇಂದ್ರ ಸರ್ಕಾರ ಮಾಡಿದ್ದು. ಅರ್ಜಿ ಹಾಕಲು ಕನಿಷ್ಠ 50 ಕಾರು ಇರಬೇಕು, ಅವುಗಳಿಗೆ ದೇಶವಿಡೀ ಓಡುವ ಟೂರಿಸ್ಟ್ ಪರ್ಮಿಟ್ ಇರಬೇಕು, ಅರ್ಧದಷ್ಟಕ್ಕಾದರೂ ಎ.ಸಿ. ಇರಬೇಕು. (ಅಂಬಾಸಿಡರ್ ಕಾಲದ ನಿಯಮ ಇದು. ಈಗ ಎ.ಸಿ. ಇಲ್ಲದ ಕಾರು ಹುಡುಕುವುದೇ ಕಷ್ಟ.) ಆಫೀಸು, ಇಪ್ಪತ್ನಾಲ್ಕು ಗಂಟೆ ಎತ್ತುವ ಫೋನು, ಕಾರು ನಿಲ್ಲಿಸಿ ರಿಪೇರಿ ಮಾಡುವಷ್ಟು ಜಾಗ, ಕೈಯಲ್ಲಿ ದುಡ್ಡು, ಇಷ್ಟನ್ನೂ ತೋರಿಸಬೇಕು. ಲೈಸೆನ್ಸಿನ ಅವಧಿ 5 ವರ್ಷ. ಅವಧಿ ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ ಹೋಗಬೇಕು. ಆ ತಾರೀಕನ್ನು ಆಫೀಸಿನ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಐವತ್ತು ಕಾರು ಎಲ್ಲಿಂದ ತರೋದು ಮಾವ ಅಂದ. ತರಬೇಡ. ಕೈಗೆಟುಕುವುದು ಬೇಕಿದ್ದರೆ ಬೈಕ್ ಬಾಡಿಗೆಗೆ ಬೇರೆ ಸ್ಕೀಮ್ ಇದೆ, 1997ರದ್ದು, ಅದಕ್ಕೆ ಐದು ಗಾಡಿ ಸಾಕು. ಕಾರೇ ಬೇಕು ಅಂದರೆ ಲೈಸೆನ್ಸ್ ಇರುವ ಕಂಪನಿ ಜೊತೆ ಸೇರಬೇಕು. ಸೇರುವ ಮೊದಲು ಅವರ ಲೈಸೆನ್ಸಿನ ಪ್ರತಿ ಕೇಳು. ತೋರಿಸಲು ಸಬೂಬು ಹೇಳಿದರೆ ಅಲ್ಲಿಂದ ಎದ್ದು ಬಾ.

ಗಿರಾಕಿಗಳು ಟ್ಯಾಕ್ಸಿ ಡ್ರೈವರ್‌ಗಳ ಬ್ಯಾಡ್ಜ್ ಬಗ್ಗೆ ಮತ್ತೆ ಮತ್ತೆ ಕೇಳುವುದು, "ಬ್ಯಾಡ್ಜ್ ಬೇಕಾ ಸಾರ್?" ಬೇಡ. ಮಾಮೂಲಿ ಎಲ್‌ಎಂವಿ (ಲಘು ವಾಹನದ) ಡಿಎಲ್ ಸಾಕು. 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಅದರಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟು) ಮಾತ್ರ ಮರೆಯಬಾರದು: ಕಾರಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಇಷ್ಟು ಕಾಗದದ ಕಥೆ. ಏಜೆಂಟನ್ನು ಹಿಡಿದರೂ ಆಗುತ್ತದೆ, ತಾಳ್ಮೆ ಇದ್ದರೆ ನೀನೇ ಓಡಾಡಿದರೂ ಆಗುತ್ತದೆ. ಈ ಧಂದೆಯಲ್ಲಿ ಮುಳುಗಿದವರನ್ನು ನೋಡಿದ್ದೇನೆ, ಬಹುತೇಕ ಎಲ್ಲರೂ ಜಾಗದಲ್ಲೇ ಮುಳುಗಿದ್ದು. ಕಾರು ರಾತ್ರಿ ಎಲ್ಲಿ ಮಲಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲದೆ ಕಾರು ಕೊಂಡವರು.

ನಮ್ಮ ಮೊದಲ ಯಾರ್ಡು ಜೆ.ಪಿ. ನಗರದ ಒಂದು 40×60 ಖಾಲಿ ಸೈಟು. ನಿಲ್ಲಿಸುವುದಾದರೆ ಹತ್ತು ಕಾರು ಹಿಡಿಯುತ್ತಿತ್ತು. ಬೇಕೆಂದಾಗ ಹೊರಗೆ ತೆಗೆಯುವುದಾದರೆ ಆರೇ. ಬೆಳಗಿನ ಜಾವ ಐದಕ್ಕೆ ಬುಕಿಂಗ್ ಇರುವ ಕಾರು ಗೋಡೆ ಪಕ್ಕ ಸಿಕ್ಕಿಕೊಂಡಿದ್ದರೆ ಮುಂದಿನ ಮೂರನ್ನು ರಸ್ತೆಗೆ ತಂದು, ಅದನ್ನು ಕಳಿಸಿ, ಮತ್ತೆ ಒಳಗೆ ಹಾಕಬೇಕು. ಜಾಗ ನೋಡುವಾಗ ಮೇಲೂ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ. ಮೂರನೇ ವಾರ ಪಕ್ಕದ ಮನೆಯ ತೆಂಗಿನಕಾಯಿ ಬಾನೆಟ್ ಮೇಲೆ ಬಿತ್ತು. ಅವರು ಬಂದು ಕಾಯಿ ತಮ್ಮದೆಂದು ಎತ್ತಿಕೊಂಡು ಹೋದರು, ಬಾನೆಟ್ ನಮ್ಮದಾಯಿತು.

ಸೈಟು ಬಾಡಿಗೆಗೆ ಹಿಡಿಯುವಾಗ ಖಾತಾ, ತೆರಿಗೆ ರಸೀದಿ ನೋಡಿ, ಹನ್ನೊಂದು ತಿಂಗಳ ಕರಾರು ಬರೆಸು. "ಬಾಡಿಗೆ ವಾಹನ ನಿಲ್ಲಿಸಲು" ಅಂತ ಅದರಲ್ಲೇ ಇರಲಿ. ಪಾಲಿಕೆಗೆ ಏನಾದರೂ ಅರ್ಜಿ ಬರೆಯುವುದಿದ್ದರೆ ಹಳೇ ಅಭ್ಯಾಸದಲ್ಲಿ ಬಿಬಿಎಂಪಿ ಅನ್ನಬೇಡ. 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಐದು ಪಾಲಿಕೆಗಳು, ನಿನ್ನ ಜಾಗ ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಿದುಕೊ. 2021ರಲ್ಲಿ ಒಪ್ಪಿಗೆಯಾದ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದಿನ ರಸ್ತೆಗೆ ವರ್ಷಕ್ಕೆ 1,000ದಿಂದ 5,000 ರೂಪಾಯಿಯ ಪರ್ಮಿಟ್ಟಿನ ಮಾತು ಇದೆಯಲ್ಲ ಅಂದ. ಅದು ಅಲ್ಲಿ ವಾಸ ಇರುವವರನ್ನು ಮನಸ್ಸಲ್ಲಿಟ್ಟು ಬರೆದದ್ದು. ಅದನ್ನು ನಂಬಿ ಹತ್ತು ಕಾರು ತರಬೇಡ.

ಗಿರಾಕಿ ರಸ್ತೆಯಲ್ಲೇ ಬಿಟ್ಟು ಹೋಗುವ ವ್ಯವಸ್ಥೆ ಇಟ್ಟುಕೊಂಡರೆ ಇನ್ನೂ ಎಚ್ಚರ ಬೇಕು. ಫುಟ್‌ಪಾತು, ತಿರುವು, ಬಸ್ ಸ್ಟಾಪು, ಶಾಲೆ–ಆಸ್ಪತ್ರೆಯ ಬಾಗಿಲು, ಯಾರದೇ ಗೇಟಿನ ಮುಂದೆ ನಿಲ್ಲಿಸುವ ಹಾಗಿಲ್ಲ. ಹತ್ತು ಗಂಟೆಗೂ ಹೆಚ್ಚು ಹೊತ್ತು ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಎತ್ತಿಸಲು, ಚಕ್ರಕ್ಕೆ ಕ್ಲ್ಯಾಂಪ್ ಹಾಕಿಸಲು 127ನೇ ಕಲಂ ಪೊಲೀಸರಿಗೆ ಅಧಿಕಾರ ಕೊಟ್ಟಿದೆ. 2022ರಲ್ಲಿ ಟೋಯಿಂಗ್ ನಿಲ್ಲಿಸಿದರು ಅಂತ ಮೈಮರೆತವರು ಕ್ಲ್ಯಾಂಪ್ ನೋಡಿ ಬೆವತಿದ್ದಾರೆ.

ಸಮ–ಬೆಸ ದಿನಾಂಕದ ಬೋರ್ಡು ಇರುವ ರಸ್ತೆ ಇನ್ನೊಂದು ಗುಂಡಿ: ಸಮ ತಾರೀಕಿಗೆ ಒಂದು ಕಡೆ, ಬೆಸ ತಾರೀಕಿಗೆ ಇನ್ನೊಂದು ಕಡೆ ನಿಲ್ಲಿಸಬೇಕು. 14ರ ರಾತ್ರಿ ಹನ್ನೊಂದಕ್ಕೆ ಗಿರಾಕಿ ಸರಿಯಾದ ಕಡೆಯೇ ಬಿಟ್ಟು, ಫೋಟೋ ಹಾಕಿ ಹೋಗುತ್ತಾನೆ. ಹನ್ನೆರಡು ಹೊಡೆದರೆ 15, ಕಾರು ತಪ್ಪು ಕಡೆ. 31ರ ಮರುದಿನ 1, ಎರಡೂ ಬೆಸ. ಅವತ್ತೊಂದು ರಾತ್ರಿ ನಮ್ಮ ಹುಡುಗರಿಗೆ ನಿದ್ದೆ.

ಮನೆಯವರೇ ನೇತುಹಾಕಿದ "ನೋ ಪಾರ್ಕಿಂಗ್" ತಗಡಿಗೆ ಕಾನೂನಿನ ಬೆಲೆ ಇಲ್ಲ. ಆದರೂ ಅಲ್ಲಿ ನಿಲ್ಲಿಸಬೇಡ ಅಂತಲೇ ಹೇಳುತ್ತೇನೆ, ಟೈರಿನ ಗಾಳಿ ಕಾನೂನು ಕೇಳಿ ಹೋಗುವುದಿಲ್ಲ. ಜಯನಗರದಲ್ಲಿ ಒಮ್ಮೆ ಬೆಳಗ್ಗೆ ಆರಕ್ಕೆ ಕಾರು ತರಲು ಹೋದೆ. ಗೇಟಿಗೆ ಅಡ್ಡ ನಿಂತಿತ್ತು. ಅಜ್ಜಿಯೊಬ್ಬರು ನೀರು ಹಾಕಿ ಗುಡಿಸಿ ರಂಗೋಲಿ ಶುರು ಮಾಡಿದ್ದರು. ಎಳೆಗಳು ನಮ್ಮ ಹಿಂದಿನ ಚಕ್ರದ ತನಕ ಬಂದು ಅರ್ಧಕ್ಕೆ ನಿಂತಿದ್ದವು. "ಕಾರು ತೆಗೆದು ಮಿಕ್ಕಿದ್ದು ನೀನೇ ಹಾಕಪ್ಪಾ" ಅಂತ ರಂಗೋಲಿ ಡಬ್ಬಿ ಕೈಗಿಟ್ಟರು. ಹಾಕಿದೆ. ಸೊಟ್ಟಗಿತ್ತು. ಅವತ್ತಿನಿಂದ ಗಿರಾಕಿ ಕಳಿಸುವ ಫೋಟೋದಲ್ಲಿ ನಂಬರ್ ಪ್ಲೇಟಿನ ಜೊತೆ ಪಕ್ಕದ ಗೇಟೂ ಕಾಣಬೇಕು ಅಂತ ನಿಯಮ ಮಾಡಿದ್ದೇವೆ.

ಕೊನೆಗೆ ದಂಡ. ಚಲನ್ ಬರುವುದು ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೆ, ಗಿರಾಕಿಗಲ್ಲ. ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಹೇಳುವುದು 133ನೇ ಕಲಂ ಪ್ರಕಾರ ಮಾಲೀಕನ ಹೊಣೆ. ಹಾಗಾಗಿ ಪ್ರತಿ ಬುಕಿಂಗಿಗೂ ಹೆಸರು, ಡಿಎಲ್, ಕೀಲಿ ಕೊಟ್ಟ ನಿಮಿಷ, ವಾಪಸ್ ಪಡೆದ ನಿಮಿಷ ಬರೆದಿಡು. ನಾನು ಸೋಮವಾರ ಬೆಳಗ್ಗೆ ಕಾಫಿ ಮುಗಿಯುವುದರೊಳಗೆ ಎಲ್ಲ ನಂಬರುಗಳನ್ನೂ ಆನ್‌ಲೈನಲ್ಲಿ ಹಾಕಿ ನೋಡುತ್ತೇನೆ. ಚಲನ್ ಕಾಣಿಸುವುದು ಕೆಲವೊಮ್ಮೆ ತಡ, ಅದಕ್ಕೇ ಡೆಪಾಸಿಟ್ಟನ್ನು ಅವತ್ತೇ ವಾಪಸ್ ಕೊಡುವುದಿಲ್ಲ. ಗಿರಾಕಿ ಬೈತಾನೆ. ಬೈಸಿಕೊ.