ಗುಳ್ಳದ ಗಿಡದಲ್ಲಿ ನೇರಳೆ ಕಾಯಿ

"ಗುಳ್ಳಕ್ಕೆ ಎಂತದೋ ರೋಗ ಬಂದಿದೆ ಮಾರಾಯ, ಬಂದು ನೋಡು" ಎಂದು ಅಮ್ಮ ಹಿತ್ತಿಲಿನಿಂದ ಕೂಗಿದರು. ಗುಳ್ಳವೆಂದರೆ ಉಡುಪಿ ಬಳಿಯ ಮಟ್ಟು ಊರಿನ ಗುಂಡು ಬದನೆ. ಹೋಗಿ ನೋಡಿದೆ. 20 ಗಿಡಗಳಲ್ಲಿ 17ರಲ್ಲಿ ಎಂದಿನ ತಿಳಿಹಸಿರು ಗುಂಡು ಕಾಯಿ. ಉಳಿದ ಮೂರರಲ್ಲಿ ನೇರಳೆ ಕಾಯಿ, ಅದೂ ಮೊಟ್ಟೆಯ ಹಾಗೆ ಉದ್ದುದ್ದ. ರೋಗದ ಗುರುತು ಒಂದೂ ಇರಲಿಲ್ಲ. ಗಿಡ ಪುಷ್ಟಿಯಾಗಿಯೇ ಇತ್ತು.

ಬೀಜದ ಅಂಗಡಿಯವರನ್ನು ಬೈಯೋಣವೆಂದರೆ ಬೀಜ ನಾನೇ ತೆಗೆದದ್ದು. ಹಿಂದಿನ ವರ್ಷ ಮಟ್ಟುವಿನಿಂದ ತಂದ ಸಸಿಗಳಲ್ಲಿ ಒಂದು ಒಳ್ಳೆ ಕಾಯಿಯನ್ನು ಹಳದಿಯಾಗುವವರೆಗೆ ಬಿಟ್ಟು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಟ್ಟಿದ್ದೆ. ಆ ಕಾಯಿ ಅಪ್ಪಟ ಗುಳ್ಳವೇ ಆಗಿತ್ತು. ನಾನು ಮೋಸ ಹೋದದ್ದು ಅಲ್ಲೇ. ಕಾಯಿಯ ಸಿಪ್ಪೆ, ತಿರುಳು ಎಲ್ಲ ತಾಯಿಗಿಡದ್ದು. ಹೊರಗಿನ ಪರಾಗ ಬಂದಿದ್ದರೆ ಅದರ ಸುಳಿವು ಇರುವುದು ಒಳಗಿನ ಬೀಜದಲ್ಲಿ ಮಾತ್ರ. ಕಾಯಿ ನೋಡಿ ಬೀಜ ಶುದ್ಧ ಎನ್ನಲು ಆಗುವುದಿಲ್ಲ.

ಪರಾಗ ಎಲ್ಲಿಂದ ಬಂತು? ಬೇಲಿಯ ಆಚೆ ಪಕ್ಕದ ಮನೆಯ ಅಕ್ಕ ಉದ್ದದ ನೇರಳೆ ಬದನೆ ಹಾಕಿದ್ದರು. ಬದನೆ ಹೂವಿನಲ್ಲಿ ಗಂಡುಭಾಗ ಹೆಣ್ಣುಭಾಗ ಎರಡೂ ಇರುತ್ತವೆ. ಹೆಚ್ಚಾಗಿ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ. ಆದರೆ ದೊಡ್ಡ ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ ಎಂದು ನಡುಗಿಸಿದಾಗ ಪರಾಗ ಉದುರಿ ಅದರ ಮೈಗೆ ಅಂಟುತ್ತದೆ. ಅದಕ್ಕೆ ನಮ್ಮ ಬೇಲಿಯ ಲೆಕ್ಕ ಇಲ್ಲ.

ಬದನೆಯ ಪ್ರತಿ ಜೀವಕೋಶದಲ್ಲಿ 24 ವರ್ಣತಂತುಗಳು, ಅಂದರೆ ಗುಣಗಳನ್ನು ನಿರ್ಧರಿಸುವ ಜೀನ್‌ಗಳನ್ನು ಹೊತ್ತ ಎಳೆಗಳು. 12 ತಾಯಿಯಿಂದ, 12 ಪರಾಗದಿಂದ. ಹಾಗಾಗಿ ಒಂದೊಂದು ಜೀನಿಗೂ ಎರಡೆರಡು ಪ್ರತಿ. ನನ್ನ ಮೂರು ಗಿಡಗಳಿಗೆ ಗುಳ್ಳದಿಂದ ಹಸಿರಿನ ಪ್ರತಿ, ಅಕ್ಕನ ಬದನೆಯಿಂದ ನೇರಳೆಯ ಪ್ರತಿ ಬಂದಿತ್ತು. ನೇರಳೆ ಪ್ರಬಲ. ಒಂದು ಪ್ರತಿ ಇದ್ದರೂ ಸಾಕು, ಬಣ್ಣ ಕಾಣುತ್ತದೆ. ಹಸಿರು ಎಲ್ಲಿಗೂ ಹೋಗಿರಲಿಲ್ಲ, ಸುಮ್ನೆ ಅಡಗಿ ಕೂತಿತ್ತು.

ಇದು ನಿಜವೋ ನೋಡಿಯೇಬಿಡೋಣ ಎಂದು ಹಟ ಹುಟ್ಟಿತು. ಮೂರರಲ್ಲಿ ಒಂದು ಗಿಡದ ಹೂಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದೆ. ದುಂಬಿಗೆ ಪ್ರವೇಶವಿಲ್ಲ. ಮುಂದಿನ ಮಳೆಗಾಲ ಮುಗಿಯುವಾಗ ಅದರ ಬೀಜ ಬಿತ್ತಿದೆ. 34 ಗಿಡ ಉಳಿದವು. ಜಾಗ ಸಾಲದೆ ಅರ್ಧ ಗೊಬ್ಬರದ ಚೀಲಗಳಲ್ಲೇ ಬೆಳೆದವು. 27ರಲ್ಲಿ ನೇರಳೆ ಕಾಯಿ, 7ರಲ್ಲಿ ಹಸಿರು! ಅಡಗಿದ್ದದ್ದು ಹೊರಗೆ ಬಂದಿತ್ತು.

ಎರಡು ನಾಣ್ಯ ಒಟ್ಟಿಗೆ ಚಿಮ್ಮಿದ ಹಾಗೆ ಇದು. ಒಂದು ನಾಣ್ಯ ಅಂಡದ್ದು, ಇನ್ನೊಂದು ಪರಾಗದ್ದು. ಎರಡರಲ್ಲೂ ಹಸಿರು ಬೀಳುವುದು ನಾಲ್ಕರಲ್ಲಿ ಒಂದು ಸಲ. ಆ ಲೆಕ್ಕದಲ್ಲಿ ನನಗೆ ಎಂಟೋ ಒಂಬತ್ತೋ ಹಸಿರು ಸಿಗಬೇಕಿತ್ತು. ಏಳು ಸಿಕ್ಕಿತು. ನಾಣ್ಯ ಹತ್ತು ಸಲ ಚಿಮ್ಮಿದರೆ ಪ್ರತಿಸಲವೂ ಐದೇ ತಲೆ ಬೀಳುತ್ತದೆಯೇ? ಅನುವಂಶೀಯತೆಯ ನಿಯಮ ಕಂಡುಕೊಂಡ ಪಾದ್ರಿ ಗ್ರೆಗೊರ್ ಮೆಂಡೆಲ್ ಬಟಾಣಿಯಲ್ಲಿ ಇದೇ ಲೆಕ್ಕ ಮಾಡಿದಾಗ 5474 ದುಂಡು ಬೀಜ, 1850 ಸುಕ್ಕು ಬೀಜ ಎಣಿಸಿದ್ದರು. ಎಣಿಕೆ ಜಾಸ್ತಿಯಾದಷ್ಟೂ ಮೂರಕ್ಕೆ ಒಂದರ ಹತ್ತಿರ ಹೋಗುತ್ತದೆ. 1866ರಲ್ಲಿ ಅವರು ಬರೆದದ್ದನ್ನು 1900ರವರೆಗೆ ಹೆಚ್ಚಿನವರು ಗಮನಿಸಲೇ ಇಲ್ಲ. ಅವರ ಪ್ರಯೋಗ ನಡೆದದ್ದು ಮಠದ ಹಿತ್ತಿಲಲ್ಲಿ. ನಮ್ಮ ಗುಳ್ಳದ ಕತೆಯಲ್ಲೂ ಮಠವಿದೆ: ಬೀಜವನ್ನು ಮಟ್ಟು ಊರಿನವರಿಗೆ ಕೊಟ್ಟವರು ಉಡುಪಿಯ ಸೋದೆ ಮಠದ ವಾದಿರಾಜ ಸ್ವಾಮಿಗಳು ಎನ್ನುತ್ತಾರೆ.

ಆಕಾರ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಗುಂಡು, ಅರೆಗುಂಡು, ಮೊಟ್ಟೆ, ಪಡವಲದ ಮರಿಯಂತಹದ್ದು, ಎಲ್ಲ ಬಂತು. ಆಕಾರದ ಹಿಂದೆ ಹಲವು ಜೀನ್‌ಗಳು ಕೆಲಸ ಮಾಡುತ್ತವೆ. ನೇರಳೆಯಲ್ಲೂ ಕಡು, ತಿಳಿ ಎಂದು ಭೇದವಿತ್ತು. ಏಳು ಹಸಿರು ಗಿಡಗಳಲ್ಲಿ ನೋಡಲು ಗುಳ್ಳದಂತೆ ಇದ್ದದ್ದು ಒಂದೇ. ಅದರದ್ದೇ ಹುಳಿ ಮಾಡಿ ಬಡಿಸಿದೆ. ಅಮ್ಮ ಒಂದು ತುತ್ತು ತಿಂದು, "ಗುಳ್ಳ ಅಲ್ಲ ಇದು" ಎಂದರು, ಅಷ್ಟೇ.

ಅಪ್ಪಟ ಬೀಜ ಹಾಕಿದರೂ ನಮ್ಮ ಹಿತ್ತಿಲ ಗುಳ್ಳಕ್ಕೆ ಮಟ್ಟುವಿನ ಗುಳ್ಳದ ರುಚಿ ಇಲ್ಲ, ಇದನ್ನೂ ಹೇಳಬೇಕು. ಜೀನ್ ಒಂದೇ, ಮಣ್ಣು ನೀರು ಬೇರೆ. 2011ರಲ್ಲಿ ಮಟ್ಟು ಗುಳ್ಳಕ್ಕೆ, ಇದು ಈ ಊರಿನದ್ದೇ ಎಂಬ ಅಧಿಕೃತ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಹೆಸರಿಗೆ ಊರನ್ನು ಅಂಟಿಸಿದ್ದು ಸರಿಯೇ ಅನ್ನಿಸುತ್ತದೆ. ಎಲ್ಲ ವ್ಯತ್ಯಾಸಕ್ಕೂ ಬೀಜವನ್ನೇ ದೂರಬಾರದು.

ಇದರ ಪಕ್ಕದಲ್ಲಿ ನಮ್ಮ ಶಂಕರಪುರ ಮಲ್ಲಿಗೆ ಎಷ್ಟು ಸುಲಭ! ಗೆಲ್ಲು ಕತ್ತರಿಸಿ ನೆಟ್ಟರೆ ಮುಗಿಯಿತು. ಅಲ್ಲಿ ಅಪ್ಪನೂ ಇಲ್ಲ, ನಾಣ್ಯ ಚಿಮ್ಮುವುದೂ ಇಲ್ಲ. ತಾಯಿಗಿಡದ ನಕಲೇ ಬರುತ್ತದೆ. ಆದರೆ ಒಂದು ಗಿಡಕ್ಕೆ ತಡೆಯಲಾಗದ ರೋಗ ಬಂದರೆ ಉಳಿದವೂ ತಡೆಯುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ಪ್ರತಿ ವರ್ಷ ಐದಾರು ಒಳ್ಳೆ ಗುಳ್ಳದ ಗಿಡ ಆರಿಸುತ್ತೇನೆ. ನಾಳೆ ಅರಳುವ ಹಾಗಿರುವ ಮೊಗ್ಗಿಗೆ ಸಂಜೆಯೇ ಚೀಲ ಕಟ್ಟುತ್ತೇನೆ. ಅರಳಿದ ಮೇಲೆ ಬೆಳಿಗ್ಗೆ ತೊಟ್ಟನ್ನು ಬೆರಳಿಂದ ಮೆಲ್ಲ ತಟ್ಟುತ್ತೇನೆ, ದುಂಬಿಯ ಕೆಲಸ ನನ್ನದು. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಗುರುತಿಗೆ ಕೆಂಪು ದಾರ. ಒಂದೇ ಗಿಡದ ಬೀಜ ಇಡುವುದಿಲ್ಲ, ಐದಾರರದ್ದನ್ನೂ ಬೆರೆಸುತ್ತೇನೆ. ಇಲ್ಲದಿದ್ದರೆ ಗುಳ್ಳದೊಳಗಿರುವ ಸಣ್ಣಪುಟ್ಟ ಭೇದವೂ ಕಳೆದುಹೋಗುತ್ತದೆ.

ಮೊನ್ನೆ ಪಕ್ಕದ ಅಕ್ಕ ಆ ಮೊಟ್ಟೆ ಬದನೆಯ ಬೀಜ ಕೇಳಿದರು. ಪಲ್ಯಕ್ಕೆ ಚೆನ್ನಾಗಿತ್ತಂತೆ. "ಕೊಡ್ತೇನೆ ಅಕ್ಕ, ಆದರೆ ಅದೇ ಬರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ" ಎಂದೆ. "ಬಂದದ್ದನ್ನು ಪಲ್ಯ ಮಾಡ್ತೇನೆ, ನೀನು ಕೊಡು" ಎಂದರು.