ಕಂಪ್ಯೂಟರ್ ಆನ್ ಆದ ಕೂಡಲೇ ಡ್ರೈವರ್ ಎರರ್? ಮೊದಲು ಮೆಸೇಜ್ ಓದಿ, ಫಾರ್ಮ್ಯಾಟ್ ಮಾತು ಆಮೇಲೆ

ಮಂಡ್ಯದ ನೂರಡಿ ರಸ್ತೆ ಪಕ್ಕದ ಒಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಗೇ ಪಿಎಂ ಕಿಸಾನ್ ಇ-ಕೆವೈಸಿ ಮಾಡಿಸಲು ನಾಲ್ಕೈದು ರೈತರು ಬಂದು ಕೂತಿದ್ದರು. ಅಂಗಡಿಯವರು ಕಂಪ್ಯೂಟರ್ ಆನ್ ಮಾಡಿದರೆ ಪರದೆ ಮೇಲೆ ‘ಎ ಡ್ರೈವರ್ ಕೆನಾಟ್ ಲೋಡ್ ಆನ್ ದಿಸ್ ಡಿವೈಸ್’ ಅಂತ ಬಂತು. ಹೆಬ್ಬೆಟ್ಟು ಒತ್ತಿಸುವ ಯಂತ್ರದ ದೀಪ ಹತ್ತಲೇ ಇಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ, ‘ಫಾರ್ಮ್ಯಾಟ್ ಹೊಡೀಬೇಕು, ತಂದುಬಿಡಿ’ ಅಂದರು.

ಅದರ ಅಗತ್ಯವೇ ಇರಲಿಲ್ಲ. ಡ್ರೈವರ್ ಅಂದರೆ ವಿಂಡೋಸ್ ಮತ್ತು ಯಂತ್ರದ ನಡುವೆ ಮಾತು ತಲುಪಿಸುವ ಸಣ್ಣ ಪ್ರೋಗ್ರಾಮ್. ಒಂದು ಪ್ರೋಗ್ರಾಮ್ ಕೆಟ್ಟಿದೆ ಅಂತ ಪೂರ್ತಿ ಡಿಸ್ಕ್ ಅಳಿಸಬೇಕಾ?

ಮೊದಲು ಮೊಬೈಲಿನಲ್ಲಿ ಆ ಮೆಸೇಜಿನ ಫೋಟೊ ತೆಗೆದುಕೊಳ್ಳಿ. ‘ಡಾಟ್ ಸಿಸ್’ ಅಂತ ಕೊನೆಯಾಗುವ ಫೈಲ್ ಹೆಸರಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಹೆಸರು ಹುಡುಕಿದರೆ ಅದು ಯಾವ ಯಂತ್ರದ್ದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನ ಇರುವ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಕೋಡ್ ಕಾಣುತ್ತದೆ. 28 ಅಂದರೆ ಡ್ರೈವರ್ ಹಾಕಿಯೇ ಇಲ್ಲ. 10 ಅಂದರೆ ಯಂತ್ರ ಶುರುವಾಗುತ್ತಿಲ್ಲ. 43 ಇದ್ದರೆ ಕೇಬಲ್ ಕಿತ್ತು ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ನೋಡಿ. ನಿನ್ನೆ ಅಪ್‌ಡೇಟ್ ಆಗಿ ಇವತ್ತು ಕೆಟ್ಟಿದ್ದರೆ ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ.

ನಮ್ಮ ಅಂಗಡಿಯ ಕತೆ ಬೇರೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಒಳಗೆ ‘ಮೆಮೊರಿ ಇಂಟೆಗ್ರಿಟಿ’ ಅನ್ನುವ ಕಾವಲು ಇದೆ. ಹಳೇ ಡ್ರೈವರನ್ನು ಅದೇ ತಡೆದಿತ್ತು. ಅದನ್ನು ಆಫ್ ಮಾಡಿಬಿಡಿ ಅಂತ ಸಲಹೆ ಕೊಡುವವರು ಜಾಸ್ತಿ. ನಾನು ಬೇಡ ಅನ್ನುತ್ತೇನೆ. ಜನರ ಆಧಾರ್ ಕೆಲಸ ನಡೆಯುವ ಕಂಪ್ಯೂಟರ್ ಅದು, ಕಾವಲು ಇರಲೇಬೇಕು. ಯಂತ್ರ ತಯಾರಿಸಿದ ಕಂಪನಿಯ ವೆಬ್‌ಸೈಟಿನಲ್ಲೇ ಹೊಸ ಡ್ರೈವರ್ ಸಿಕ್ಕಿತು. ಹಾಕಿ ರೀಸ್ಟಾರ್ಟ್ ಮಾಡಿದೆವು, ಕೆಂಪು ದೀಪ ಹತ್ತಿತು. ‘ಡ್ರೈವರ್ ಅಪ್‌ಡೇಟರ್’ ಅಂತ ಸುಮ್ನೆ ಸಿಗುವ ಸಾಫ್ಟ್‌ವೇರ್ ಮಾತ್ರ ಮುಟ್ಟಬೇಡಿ.

ಕಂಪ್ಯೂಟರ್ ವಿಂಡೋಸ್ ಒಳಗೇ ಹೋಗದಿದ್ದರೆ? ವಿಂಡೋಸ್ ಶುರುವಾಗುತ್ತಿದ್ದಂತೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಇದೇ ಸೇಫ್ ಮೋಡ್. ತೀರಾ ಬೇಕಾದ ಡ್ರೈವರ್‌ಗಳಷ್ಟೇ ಇಲ್ಲಿ ಲೋಡ್ ಆಗುತ್ತವೆ, ಹಾಗಾಗಿ ತೊಂದರೆ ಕೊಟ್ಟಿದ್ದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನೀಲಿ ಪರದೆಗೆ ಬಿದ್ದಾಗ, ಎಷ್ಟೋ ಕಡೆ ಇದೇ ಸೇಫ್ ಮೋಡ್‌ಗೆ ಹೋಗಿ ಒಂದೊಂದನ್ನೇ ಕೈಯಾರೆ ಸರಿಮಾಡಿದ್ದರು.

ಕೆಲವು ಲ್ಯಾಪ್‌ಟಾಪ್‌ಗಳು ನಡುವೆ 48 ಅಂಕಿಗಳ ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕಿದ ಬೀಗ ತೆಗೆಯುವ ಸಂಖ್ಯೆ ಕೇಳುತ್ತವೆ. ಗಾಬರಿ ಬೇಡ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿರುತ್ತದೆ.

ಇಷ್ಟಾದರೂ ಸರಿಹೋಗದೆ ಫಾರ್ಮ್ಯಾಟ್ ಮಾಡಿಸಲೇಬೇಕಾಯಿತು ಅನ್ನಿ. ಡೆಸ್ಕ್‌ಟಾಪ್ ತುಂಬ ಇರುವ ನುಡಿ ಫೈಲ್‌ಗಳನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿ. ಜೊತೆಗೆ ವೈಫೈ ಡ್ರೈವರನ್ನೂ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಉಳಿದ ಡ್ರೈವರ್‌ಗಳನ್ನು ಡೌನ್‌ಲೋಡ್ ಮಾಡಲು ಇಂಟರ್ನೆಟ್ಟೇ ಇರುವುದಿಲ್ಲ.