ರೇಡಿಯೇಶನ್ ಆದ ಗಂಟಲಿಗೆ ಮತ್ತೆ ಆಪರೇಶನ್: ಮನೆಯವರು ಗಮನಿಸಬೇಕಾದದ್ದು

ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ರೇಡಿಯೇಶನ್ ಮುಗಿದ ಮೇಲೆ ಮತ್ತೆ ದನಿ ಒಡೆದರೆ, ನುಂಗುವಾಗ ಕಿವಿಯವರೆಗೆ ನೋವು ಎಳೆದರೆ ಅದು ಬರೀ ಊತವಿರಬಹುದು, ಗಡ್ಡೆಯೂ ಇರಬಹುದು. ಸ್ಕ್ಯಾನ್ ಒಂದನ್ನೇ ನಂಬಲಾಗದು, ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕು. ಅದರಲ್ಲಿ ಏನೂ ಸಿಗದಿದ್ದರೂ ಅನುಮಾನ ಹೋಗದಿದ್ದರೆ ಮತ್ತೊಮ್ಮೆ ತೆಗೆಯುತ್ತಾರೆ. ಗಡ್ಡೆ ತೀರಾ ಚಿಕ್ಕದಿದ್ದರೆ ಒಂದು ಭಾಗವನ್ನಷ್ಟೇ ತೆಗೆಯುವುದುಂಟು. ಬಹಳಷ್ಟು ಜನರಿಗೆ ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕಾಗುತ್ತದೆ. ಆಮೇಲೆ ಜೀವನಪೂರ್ತಿ ಉಸಿರು ಕುತ್ತಿಗೆಯ ರಂಧ್ರದಿಂದ.

ಆಪರೇಶನ್‌ಗೆ ಮುಂಚೆ ಹಿಮೋಗ್ಲೋಬಿನ್, ಅಲ್ಬುಮಿನ್ (ರಕ್ತದ ಪ್ರೋಟೀನ್), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ರೇಡಿಯೇಶನ್ ಥೈರಾಯ್ಡನ್ನೂ ಕುಗ್ಗಿಸಬಹುದು, ಥೈರಾಯ್ಡ್ ಕಡಿಮೆಯಿದ್ದರೆ ಗಾಯ ಬೇಗ ಕೂಡುವುದಿಲ್ಲ. ಬೀಡಿ, ತಂಬಾಕು ಅಂದಿನಿಂದಲೇ ಬಂದ್. ಎದೆಯ ಸ್ನಾಯು ತಂದು ಹೊಲಿಗೆಯ ಮೇಲೆ ಹೊದಿಸುತ್ತೀರಾ ಎಂದು ಸರ್ಜನ್‌ರನ್ನು ಕೇಳಿ. ರೇಡಿಯೇಶನ್ ಆದ ಕಡೆ ರಕ್ತ ಓಡಾಟ ಕಡಿಮೆ, ಹೊಸ ಸ್ನಾಯು ಅದನ್ನು ತರುತ್ತದೆ.

ಮುಖ್ಯ ತೊಂದರೆ ಸೋರಿಕೆ. ಒಳಗಿನ ಹೊಲಿಗೆ ಬಿಟ್ಟು ಜೊಲ್ಲು ಕುತ್ತಿಗೆಯ ಚರ್ಮದಿಂದ ಹೊರಬರುತ್ತದೆ. ಇಂಥವರಲ್ಲಿ ಇದು ಅಪರೂಪವೇನಲ್ಲ. ಜ್ವರ, ಹೊಲಿಗೆಯ ಸುತ್ತ ಕೆಂಪು, ಬ್ಯಾಂಡೇಜಿನಲ್ಲಿ ಲೋಳೆಯಂಥ ದ್ರವ, ಕೆಟ್ಟ ವಾಸನೆ: ಇದರಲ್ಲಿ ಒಂದು ಕಂಡರೂ ಅಂದೇ ತೋರಿಸಿ. ಅಲ್ಲಿಂದ ಕೆಂಪು ರಕ್ತ ಒಂದು ಚಮಚದಷ್ಟು ಬಂದು ತಾನಾಗಿ ನಿಂತರೂ ಸುಮ್ಮನಿರಬೇಡಿ. ಜೊಲ್ಲು ಪಕ್ಕದ ದೊಡ್ಡ ರಕ್ತನಾಳವನ್ನು ಕೊರೆಯುತ್ತಿರಬಹುದು. ರಕ್ತ ಬಂದ ಜಾಗವನ್ನು ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಬಾಯಿಂದ ಊಟ ಸಾಮಾನ್ಯವಾಗಿ ಎರಡು ವಾರವಾದ ಮೇಲೆ, ಕೆಲವರಿಗೆ ಇನ್ನೂ ತಡ. "ಒಂದು ಗುಟುಕು ಕಾಫಿ ತಾನೆ" ಎಂದು ನೆಂಟರು ಕೊಟ್ಟುಬಿಡುವುದೇ ಜಾಸ್ತಿ, ಕಣ್ಣಿಡಿ. ಅಲ್ಲಿಯವರೆಗೆ ಮೂಗಿನ ಪೈಪೇ ಗತಿ. ತಲೆದಿಂಬು ಎತ್ತರಿಸಿ ಕೂರಿಸಿ, ಸೋಸಿದ ರಾಗಿ ಅಂಬಲಿ, ಹಾಲು, ಬೇಳೆಕಟ್ಟು 200 ಮಿಲಿಯಷ್ಟು ನಿಧಾನವಾಗಿ ಬಿಡಿ, ಮುಂಚೆಯೂ ಆಮೇಲೂ 30 ಮಿಲಿ ನೀರು ಹಾಕಿ. ಸೋಸದಿದ್ದರೆ ಪೈಪು ಕಟ್ಟುತ್ತದೆ. ಅರ್ಧ ಗಂಟೆ ಮಲಗಿಸಬೇಡಿ. ಪೈಪು ಕಳಚಿಬಂದರೆ ಮನೆಯಲ್ಲಿ ತಳ್ಳಲು ಹೋಗಬೇಡಿ, ಹೊಲಿಗೆಯನ್ನೇ ತೂತು ಮಾಡೀತು.

ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡುತ್ತಿತ್ತು, ಈಗ ಅದಿಲ್ಲ. ಹಾಗಾಗಿ ಕಫ ಒಣಗಿ ರಂಧ್ರ ಕಟ್ಟುತ್ತದೆ. ರಂಧ್ರದ ಮೇಲೆ ಒದ್ದೆ ತೆಳು ಬಟ್ಟೆ ಅಥವಾ ಎಚ್‌ಎಂಇ ಫಿಲ್ಟರ್ (ಉಸಿರಿನ ಶಾಖ, ತೇವ ಹಿಡಿದಿಡುವ ಮುಚ್ಚಳ) ಬಳಸಿ. ನೂಲು ಬಿಡುವ ಹತ್ತಿ ಬೇಡ. ಸ್ನಾನದಲ್ಲಿ ನೀರು ಎದೆಯಿಂದ ಕೆಳಗೆ ಮಾತ್ರ. "ಕುತ್ತಿಗೆಯಿಂದ ಉಸಿರಾಟ, ಆಕ್ಸಿಜನ್ ಇಲ್ಲಿಗೇ ಕೊಡಿ" ಎಂಬ ಚೀಟಿ ಜೇಬಿನಲ್ಲಿರಲಿ, ಆಂಬ್ಯುಲೆನ್ಸ್‌ನವರು ಅಭ್ಯಾಸಬಲದಿಂದ ಮುಖಕ್ಕೆ ಮಾಸ್ಕ್ ಹಾಕಿಬಿಡುತ್ತಾರೆ.

ಮಾತಿಗೆ ಶ್ವಾಸನಾಳ, ಅನ್ನನಾಳದ ನಡುವೆ ಚಿಕ್ಕ ತೂತು ಮಾಡಿ ವಾಲ್ವ್ ಕೂರಿಸುತ್ತಾರೆ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಗೆಳೆಯ ಶಶಾಂಕ್ ಮಹೇಶ್ ಮಾಡಿದ 'ಓಂ' ವಾಲ್ವ್ ಅಗ್ಗದ್ದು. ನೀರು ಕುಡಿದಾಗ ಕೆಮ್ಮು ಬಂದರೆ ವಾಲ್ವ್ ಸೋರುತ್ತಿದೆ ಎಂದರ್ಥ, ಬದಲಿಸಬೇಕು. ಕಳಚಿಬಿದ್ದರೆ ಆಸ್ಪತ್ರೆಯಲ್ಲಿ ಕಲಿಸಿದಂತೆ ವಾಲ್ವ್ ಇದ್ದ ತೂತಿಗೆ ರಬ್ಬರ್ ಕ್ಯಾತಿಟರ್ (ತೆಳು ಕೊಳವೆ) ಇಟ್ಟು ಅಂದೇ ಹೋಗಿ, ಬಿಟ್ಟರೆ ತೂತು ಕೂಡಿಕೊಳ್ಳುತ್ತದೆ. ಬಿದ್ದ ವಾಲ್ವ್ ಕೈಗೆ ಸಿಗದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದಿರಬಹುದೆಂದೂ ಹೇಳಿ.